ಉಪಶಮನ ಆರೈಕೆಯ ಮೊದಲ ಭೇಟಿ: ರೋಗಿ ಮತ್ತು ಮನೆಯವರ ಸಿದ್ಧತೆ

ಉಪಶಮನ ಆರೈಕೆ ಎಂದರೆ

ಗಂಭೀರ ಕಾಯಿಲೆಯಲ್ಲಿರುವವರ ನೋವು, ಸಂಕಟ, ಆತಂಕಗಳನ್ನು ತಗ್ಗಿಸಿ, ಇರುವಷ್ಟು ದಿನವೂ ಅವರು ನೆಮ್ಮದಿಯಿಂದ ಇರುವಂತೆ ನೋಡಿಕೊಳ್ಳುವ ವೈದ್ಯಕೀಯ ಶಾಖೆಗೆ ಉಪಶಮನ ಆರೈಕೆ ಎಂದು ಹೆಸರು. ಆಸ್ಪತ್ರೆಯ ಫಲಕಗಳಲ್ಲಿ ಇದು ‘ಪ್ಯಾಲಿಯೇಟಿವ್ ಕೇರ್’ ಎಂದು ಕಾಣಿಸುತ್ತದೆ. ಈ ಆರೈಕೆ ರೋಗಿಗೆ ಎಷ್ಟು ಸೇರಿದ್ದೋ ಮನೆಯವರಿಗೂ ಅಷ್ಟೇ ಸೇರಿದ್ದು. ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಇದು ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ. ಆದರೆ ಹೃದಯ ವೈಫಲ್ಯ, ಮೂತ್ರಪಿಂಡ ವೈಫಲ್ಯ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಪಾರ್ಶ್ವವಾಯು, ಪಾರ್ಕಿನ್‌ಸನ್, ಮರೆಗುಳಿ ಕಾಯಿಲೆ, ಮಕ್ಕಳ ಹುಟ್ಟುಕಾಯಿಲೆಗಳು ಇವೆಲ್ಲಕ್ಕೂ ಇದರ ಅಗತ್ಯವಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.68 ಕೋಟಿ ಜನರಿಗೆ ಈ ಆರೈಕೆ ಬೇಕಾಗುತ್ತದೆ, ಅದು ಸಿಗುತ್ತಿರುವುದು ಶೇ. 14ರಷ್ಟು ಮಂದಿಗೆ ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ಶಾಖೆಗೆ ಇಂದಿನ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು, ಆಮೇಲೆ ವೈದ್ಯಕೀಯ ಓದಿದ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಮನೆ) ಆರಂಭಿಸಿದರು. ಸಾಯುವ ಕಾಯಿಲೆಯವರ ನೋವು ಮೈಯೊಳಗೆ ಮಾತ್ರ ಇರುವುದಿಲ್ಲ. ಮನಸ್ಸಿನ ಕಳವಳ, ಸಂಸಾರದ ಚಿಂತೆ, ದೇವರು ಧರ್ಮಗಳ ಕುರಿತ ಪ್ರಶ್ನೆಗಳೂ ಸೇರಿ ಆ ನೋವು ಆಗಿರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಮೊದಲ ಭೇಟಿಯಲ್ಲಿ ವೈದ್ಯರು ಹೊಟ್ಟೆನೋವಿನ ಜೊತೆಗೆ ಮಗಳ ಓದು, ಮನೆಯ ಸಾಲ, ರಾತ್ರಿಯ ಭಯಗಳನ್ನೂ ಕೇಳುವುದು ಈ ಕಾರಣಕ್ಕೆ.

ಭಾರತದಲ್ಲಿ ಇದರ ಕೆಲಸ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನದಿಂದ ಮೊದಲಾಯಿತು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಕಟ್ಟಿದ ಸಂಸ್ಥೆ, ಊರಿನ ಸ್ವಯಂಸೇವಕರೇ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಪದ್ಧತಿಗೆ ದಾರಿ ಮಾಡಿತು. ಕೇರಳ 2008ರಲ್ಲಿ ಇದಕ್ಕೆಂದೇ ಸರ್ಕಾರಿ ನೀತಿ ತಂದ ದೇಶದ ಮೊದಲ ರಾಜ್ಯವಾಯಿತು. ಕರ್ನಾಟಕದ ನೀತಿ 2016ರಲ್ಲಿ ಬಂತು. ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1994ರಲ್ಲಿ ಹುಟ್ಟಿತು, ಅದರ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ಆರೈಕೆ ಮಾಡುತ್ತಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಸೇಂಟ್ ಜಾನ್ಸ್ ಆಸ್ಪತ್ರೆ, ಮಣಿಪಾಲದ ಕಸ್ತೂರಬಾ ಆಸ್ಪತ್ರೆಗಳಲ್ಲಿ ಈ ಸೇವೆಯಿದೆ. ಮೈಸೂರು ಭಾಗದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಕೆಲಸ ಮಾಡುತ್ತಿದೆ.

ಯಾವಾಗ ಹೋಗಬೇಕು

‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂಬ ಮಾತು ಕೇಳಿದ ಮೇಲೆ ಉಪಶಮನ ಆರೈಕೆಯ ಕಡೆ ಮುಖ ಮಾಡುವುದು ಸಾಮಾನ್ಯ ರೂಢಿ. ಆ ಹೊತ್ತಿಗೆ ರೋಗಿ ತಿಂಗಳುಗಟ್ಟಲೆ ನರಳಿ ಆಗಿರುತ್ತದೆ, ಮನೆಯವರು ಸಾಲ ಮಾಡಿ ಸೋತಿರುತ್ತಾರೆ. ಕೀಮೋಥೆರಪಿ, ರೇಡಿಯೇಶನ್, ಡಯಾಲಿಸಿಸ್ ನಡೆಯುತ್ತಿರುವಾಗಲೇ ಜೊತೆಯಲ್ಲಿ ಈ ಆರೈಕೆ ಪಡೆಯಬಹುದು. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಬೇಗ ಹೋಗುವುದರ ಫಲವೇನು ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅಧ್ಯಯನವೊಂದು ಹೆಸರಾಗಿದೆ. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳಲ್ಲಿ ಅರ್ಧ ಜನರಿಗೆ ಎಂದಿನ ಚಿಕಿತ್ಸೆ, ಉಳಿದರ್ಧಕ್ಕೆ ಅದರ ಜೊತೆಗೆ ಮೊದಲಿನಿಂದಲೂ ಉಪಶಮನ ಆರೈಕೆ ಕೊಡಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡನೆಯ ಗುಂಪಿನವರಲ್ಲಿ ಖಿನ್ನತೆ ಕಡಿಮೆಯಿತ್ತು, ಬದುಕಿನ ಗುಣಮಟ್ಟ ಮೇಲಿತ್ತು. ಕೊನೆಗಾಲದಲ್ಲಿ ಅವರು ದೇಹವನ್ನು ಹಣ್ಣು ಮಾಡುವ ಚಿಕಿತ್ಸೆಗಳಿಗೆ ಒಳಗಾದದ್ದು ಕಡಿಮೆ, ಆದರೂ ಅವರ ಆಯುಷ್ಯದ ಮಧ್ಯಾಂಕ 8.9 ತಿಂಗಳ ಬದಲು 11.6 ತಿಂಗಳಿತ್ತು. ಈ ಆರೈಕೆಗೆ ಸೇರಿದರೆ ಸಾವು ಬೇಗ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಯಾರು ಹೋಗಬೇಕು

ಮೊದಲ ಭೇಟಿಗೆ ರೋಗಿಯ ಜೊತೆ ಇಬ್ಬರು ಹೋಗುವುದು ಒಳ್ಳೆಯದು. ಒಬ್ಬರು ದಿನವೂ ಆರೈಕೆ ಮಾಡುವವರು: ಮಾತ್ರೆ ಕೊಡುವವರು, ಮೈ ಒರೆಸುವವರು, ರಾತ್ರಿ ಎದ್ದು ನೋಡುವವರು. ಇನ್ನೊಬ್ಬರು ಮನೆಯಲ್ಲಿ ತೀರ್ಮಾನ ಹೇಳುವವರು. ನಮ್ಮ ಮನೆಗಳಲ್ಲಿ ಈ ಎರಡು ಕೆಲಸ ಬೇರೆ ಬೇರೆ ಜನರ ಪಾಲಿಗೆ ಬಂದಿರುತ್ತವೆ. ಆರೈಕೆ ಹೆಂಡತಿಯದೋ ಸೊಸೆಯದೋ ಆಗಿರುತ್ತದೆ, ಆಸ್ಪತ್ರೆಗೆ ಬಂದು ಮಾತಾಡುವವರು ಅಣ್ಣನೋ ಮಗನೋ ಆಗಿರುತ್ತಾರೆ. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಎಷ್ಟು ಮುದ್ದೆ ತಿಂದರು, ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತು ಎಂದು ಕೇಳಿದರೆ ಎರಡನೆಯವರ ಬಳಿ ಉತ್ತರವಿರುವುದಿಲ್ಲ. ಉತ್ತರ ಗೊತ್ತಿರುವ ಸೊಸೆ ಹಿರಿಯರ ಮುಂದೆ ಬಾಯಿ ಬಿಡುವುದಿಲ್ಲ. ಆರೈಕೆ ಮಾಡುವವರೊಂದಿಗೆ ಪ್ರತ್ಯೇಕವಾಗಿ ಐದು ನಿಮಿಷ ಮಾತಾಡುವಂತೆ ದಾದಿಯನ್ನು ಮೊದಲೇ ಕೇಳಿಕೊಳ್ಳಬಹುದು.

ರೋಗಿಯನ್ನು ಕರೆತರಲು ಆಗದಷ್ಟು ಕಷ್ಟವಿದ್ದರೆ ಮನೆಯವರೊಬ್ಬರು ಫೈಲು ಹಿಡಿದು ಹೋಗಿ ಮಾತಾಡಬಹುದೇ, ತಂಡವೇ ಮನೆಗೆ ಬರುತ್ತದೆಯೇ ಎಂದು ಫೋನಿನಲ್ಲಿ ವಿಚಾರಿಸಬೇಕು. ಮನೆಗೆ ಹೋಗಿ ನೋಡುವುದು ಈ ಶಾಖೆಯ ಎಂದಿನ ಕ್ರಮ. ಊರಿನ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ವಿಷಯ ತಿಳಿಸಿದ್ದರೆ ಮುಂದೆ ಅನುಕೂಲ. ಆಯುಷ್ಮಾನ್ ಭಾರತದ ಆರೋಗ್ಯ ಕೇಂದ್ರಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ಉಪಶಮನ ಆರೈಕೆಯೂ ಇದೆ.

ಕಾಗದಪತ್ರ ಮತ್ತು ಔಷಧಿ

ಬಯಾಪ್ಸಿ ರಿಪೋರ್ಟು, ಈಚಿನ ಸ್ಕ್ಯಾನ್, ರಕ್ತಪರೀಕ್ಷೆ, ಆಪರೇಶನ್ ಮತ್ತು ಡಿಸ್ಚಾರ್ಜ್ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಬೇಕು. ಹೊಸದು ಮೇಲೆ ಇರಲಿ. ಕೊನೆಯ ಕೀಮೋ ಅಥವಾ ರೇಡಿಯೇಶನ್ ಯಾವಾಗ ಆಯಿತು, ಚಿಕಿತ್ಸೆ ಕೊಟ್ಟ ವೈದ್ಯರು ಮುಂದೇನು ಎಂದಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿಟ್ಟರೆ ದಪ್ಪ ಫೈಲನ್ನು ತಿರುವಿಹಾಕುವ ಸಮಯ ಉಳಿಯುತ್ತದೆ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡುಗಳ ನಕಲೂ ಜೊತೆಗಿರಬೇಕು.

ಔಷಧಿಗಳ ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಮುಲಾಮುಗಳನ್ನು ಒಂದು ಚೀಲಕ್ಕೆ ಹಾಕಿ ಒಯ್ಯುವುದು ಮೇಲು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು, ಅಂಗಡಿಯಿಂದ ಕೇಳಿ ತಂದ ನೋವಿನ ಮಾತ್ರೆಗಳು, ನಾಟಿ ಔಷಧ, ಕಷಾಯ, ಭಸ್ಮ ಯಾವುದನ್ನೂ ಬಿಡಬಾರದು, ಮುಚ್ಚಿಡಲೂ ಬಾರದು. ಬೈಯುತ್ತಾರೆಂದು ಅಡಗಿಸಿಟ್ಟ ಔಷಧಿ ಹೊಸದಾಗಿ ಬರೆದುಕೊಟ್ಟ ಮಾತ್ರೆಯೊಂದಿಗೆ ಸೇರಿ ಮೂತ್ರಪಿಂಡಕ್ಕೋ ಯಕೃತ್ತಿಗೋ ತೊಂದರೆ ಕೊಡಬಹುದು. ಯಾವ ಔಷಧಿ ಹಿಂದೆ ಮೈಗೆ ಒಗ್ಗಲಿಲ್ಲ, ಏನಾಯಿತು ಎಂಬುದನ್ನೂ ಹೇಳಬೇಕು.

ನೋವಿನ ಲೆಕ್ಕ

ಉಪಶಮನ ಆರೈಕೆಯ ಮೊದಲ ಭೇಟಿಯಲ್ಲಿ ಸ್ಕ್ಯಾನಿಗಿಂತ ಹೆಚ್ಚಿನ ಕೆಲಸ ಮಾಡುವುದು ರೋಗಿಯ ಮಾತು. ನೋವನ್ನು ಅಳೆಯುವ ಯಂತ್ರವಿಲ್ಲ. ನೋವು ಅನುಭವಿಸುವವರು ಹೇಳಿದಷ್ಟು ಇರುತ್ತದೆ. ಆದ್ದರಿಂದ ಭೇಟಿಗೆ ಒಂದು ವಾರ ಮುಂಚಿನಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ ಬರೆಯುವುದು ಅತ್ಯಂತ ಉಪಯುಕ್ತವಾದ ಸಿದ್ಧತೆ. ನೋವು ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ, ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಇಳಿಯಿತು, ಮತ್ತೆ ಯಾವಾಗ ಏರಿತು ಎಂಬಿಷ್ಟು ಇದ್ದರೆ ಸಾಕು.

ನೋವು ಹೇಗಿದೆ ಎಂಬುದನ್ನು ರೋಗಿ ತಮ್ಮ ಮನೆಮಾತಿನಲ್ಲೇ ಹೇಳಬೇಕು, ಬರೆಯುವವರು ಅದನ್ನು ಹಾಗೆಯೇ ಬರೆಯಬೇಕು. ‘ಉರಿ’, ‘ಜೋಮು’, ‘ಕರೆಂಟು ಹೊಡೆದ ಹಾಗೆ’ ಎಂದರೆ ನರಕ್ಕೆ ಪೆಟ್ಟಾಗಿರುವ ಅನುಮಾನ ಬರುತ್ತದೆ. ‘ಹಿಂಡಿದ ಹಾಗೆ’, ‘ಕಿವುಚಿದ ಹಾಗೆ’ ಎಂದರೆ ಗಮನ ಕರುಳು ಮೊದಲಾದ ಒಳ ಅಂಗಗಳ ಕಡೆ ಹೋಗುತ್ತದೆ. ಮಗ್ಗುಲಾದರೆ, ಎದ್ದು ಕಾಲೂರಿದರೆ ಒಂದೇ ಜಾಗದಲ್ಲಿ ಜೀವ ಹೋಗುವಂಥ ನೋವು ಮೂಳೆಯದಿರಬಹುದು. ಇವುಗಳ ಔಷಧಿಗಳು ಬೇರೆ ಬೇರೆ: ನರದ ನೋವಿಗೆ ಖಿನ್ನತೆ ಅಥವಾ ಮೂರ್ಛೆರೋಗಕ್ಕೆ ಕೊಡುವ ಮಾತ್ರೆಗಳು ಕೆಲಸ ಮಾಡುತ್ತವೆ, ಮೂಳೆಯ ನೋವಿಗೆ ಕೆಲವೊಮ್ಮೆ ಒಂದೇ ಸಲದ ರೇಡಿಯೇಶನ್ ದೊಡ್ಡ ಉಪಕಾರ ಮಾಡುತ್ತದೆ. ಬರೀ ‘ತುಂಬಾ ನೋವು’ ಎಂದರೆ ಈ ಗುರುತು ಸಿಗುವುದಿಲ್ಲ.

ನೋವಿನ ತೀವ್ರತೆಯನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಕೇಳುವುದು ರೂಢಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ಹೆಚ್ಚಿನ ನೋವು. ಅಂಕಿ ಹೇಳಲು ತೋಚದ ಹಿರಿಯರು ರೂಪಾಯಿಗೆ ಎಂಟಾಣೆ, ಹನ್ನೆರಡಾಣೆ ಎಂದು ಹೇಳಿದರೂ ಲೆಕ್ಕ ಸಿಗುತ್ತದೆ. ಮಾತಾಡಲಾಗದವರ ಹಣೆಯ ಗಂಟು, ನರಳಿಕೆ, ಮುಟ್ಟಿದಾಗ ಕೈ ತಳ್ಳುವುದು ಇವನ್ನೇ ಗುರುತಿಸಿ ಬರೆಯಬೇಕು.

ನೋವಿನಷ್ಟೇ ಕಾಡುವ ಬೇರೆ ತೊಂದರೆಗಳನ್ನು ರೋಗಿಗಳು ಹೇಳದೇ ಬಿಡುವುದುಂಟು. ಹೇಳಲು ನಾಚಿಕೆ, ಇಲ್ಲವೇ ಕಾಯಿಲೆ ಎಂದ ಮೇಲೆ ಇದೆಲ್ಲ ಇರುವುದೇ ಎಂಬ ಭಾವನೆ. ವಾಕರಿಕೆ, ಮಲಬದ್ಧತೆ, ಏದುಸಿರು, ಬಾಯಿಹುಣ್ಣು, ಬಿಕ್ಕಳಿಕೆ, ಕೆರೆತ, ನಿದ್ದೆಗೇಡು, ಗಾಯದ ವಾಸನೆ, ಮೂತ್ರ ತಡೆಯಲಾಗದಿರುವುದು, ದಾಂಪತ್ಯದ ತೊಂದರೆ ಇವಕ್ಕೆಲ್ಲ ಮಾಡಬಹುದಾದದ್ದು ಇದೆ. ಕೊಳೆತ ಗಾಯದ ವಾಸನೆಯನ್ನು ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸಿ ತಗ್ಗಿಸಬಹುದು. ಎಷ್ಟೋ ರೋಗಿಗಳು ಈ ವಾಸನೆಗೆ ಹೆದರಿ ಮೊಮ್ಮಕ್ಕಳನ್ನೂ ಹತ್ತಿರ ಬಿಟ್ಟುಕೊಳ್ಳದೆ ಕೋಣೆ ಸೇರಿರುತ್ತಾರೆ. ಸಂಕೋಚ ಬಿಟ್ಟು ಒಂದು ಮಾತು ಹೇಳಿದರೆ ಆ ಬಾಗಿಲು ತೆರೆಯುತ್ತದೆ. ಹಾಸಿಗೆ ಹುಣ್ಣಿದ್ದರೆ ರೋಗಿಯ ಒಪ್ಪಿಗೆ ಪಡೆದು ಫೋಟೊ ತೆಗೆದುಕೊಂಡು ಹೋಗಬಹುದು.

ರೋಗಿಗೆ ಎಷ್ಟು ಗೊತ್ತಿದೆ

‘ಅಮ್ಮಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ, ಕುಗ್ಗಿಹೋಗ್ತಾರೆ’ ಎಂದು ಮಕ್ಕಳು ಬಾಗಿಲಲ್ಲೇ ತಡೆದು ಕೇಳಿಕೊಳ್ಳುವುದು ಕರ್ನಾಟಕದ ಎಲ್ಲ ಕೇಂದ್ರಗಳಿಗೂ ಪರಿಚಿತವಾದ ಸನ್ನಿವೇಶ. ಆ ಕೋರಿಕೆ ಹುಟ್ಟುವುದು ಪ್ರೀತಿಯಿಂದ. ಆದರೆ ಬೋಳಾದ ತಲೆ, ಕ್ಯಾನ್ಸರ್ ಆಸ್ಪತ್ರೆಯ ಫಲಕ, ಪಿಸುಮಾತು, ನೆಂಟರ ಕಣ್ಣೀರು ಇವನ್ನು ಕಂಡ ತಾಯಿಗೆ ಬಹುಪಾಲು ವಿಷಯ ತಿಳಿದೇ ಇರುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರೂ ಸುಮ್ಮನಿರುತ್ತಾರೆ. ಒಂದೇ ಮನೆಯಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಮರೆಮಾಡುತ್ತ, ಇಬ್ಬರೂ ಒಂಟಿಯಾಗುತ್ತಾರೆ.

ಭೇಟಿಗೆ ಮುಂಚೆ ಮನೆಯವರು ಮಾಡಬೇಕಾದದ್ದು ಇಷ್ಟು. ರೋಗಿ ತಮ್ಮ ಕಾಯಿಲೆಯ ಬಗ್ಗೆ ಈವರೆಗೆ ಏನು ಕೇಳಿದ್ದಾರೆ, ಅವರಿಗೆ ಏನು ಹೇಳಲಾಗಿದೆ ಎಂಬುದನ್ನು ನೆನಪು ಮಾಡಿಕೊಂಡು ತಂಡಕ್ಕೆ ಮೊದಲೇ ತಿಳಿಸಬೇಕು. ತಮಗಿರುವ ಭಯವನ್ನೂ ಹೇಳಿಕೊಳ್ಳಬೇಕು. ಸುಳ್ಳು ಹೇಳುವಂತೆ ವೈದ್ಯರಿಂದ ಮಾತು ತೆಗೆದುಕೊಳ್ಳಬಾರದು. ಉಪಶಮನ ಆರೈಕೆಯವರು ಸತ್ಯವನ್ನು ರೋಗಿಯ ಮೇಲೆ ಒಮ್ಮೆಗೇ ಹೇರುವುದಿಲ್ಲ. ‘ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಗೊತ್ತು? ಇನ್ನೂ ತಿಳ್ಕೋಬೇಕು ಅನ್ಸುತ್ತಾ, ಮಕ್ಕಳ ಹತ್ರ ಮಾತಾಡಿದ್ರೆ ಸಾಕಾ?’ ಎಂದು ಕೇಳಿ, ರೋಗಿ ಬಯಸಿದಷ್ಟನ್ನು, ಬಯಸಿದ ವೇಗದಲ್ಲಿ ಹೇಳುತ್ತಾರೆ. ತಿಳಿಯುವುದು ಬೇಡ ಎನ್ನುವ ಹಕ್ಕೂ ರೋಗಿಗಿದೆ.

ತಿಳಿದವರಿಗೆ ತಮ್ಮ ದಿನಗಳನ್ನು ತಾವೇ ಹೊಂದಿಸಿಕೊಳ್ಳಲು ಅವಕಾಶವಾಗುತ್ತದೆ. ಜಮೀನಿನ ಪತ್ರ ಸರಿಮಾಡುವುದು, ಮಗಳ ಮದುವೆ ನೋಡುವುದು, ಮುನಿದು ದೂರವಾದ ತಮ್ಮನನ್ನು ಕರೆಸುವುದು, ತವರೂರಿಗೆ ಒಮ್ಮೆ ಹೋಗಿಬರುವುದು ಇಂಥ ಆಸೆಗಳು ಎಲ್ಲರಿಗೂ ಇರುತ್ತವೆ. ಇವುಗಳಲ್ಲಿ ಯಾವುದು ಮುಖ್ಯ ಎಂದು ರೋಗಿಯನ್ನು ಮನೆಯಲ್ಲೇ ಕೇಳಿಕೊಂಡು ಹೋದರೆ ಚಿಕಿತ್ಸೆಯನ್ನು ಅದಕ್ಕೆ ಹೊಂದಿಸಲು ಸಾಧ್ಯ.

ಮಾರ್ಫಿನ್ ಎಂಬ ಭಯ

ಮೊದಲ ಭೇಟಿಯ ಕೊನೆಯಲ್ಲಿ ಮಾರ್ಫಿನ್ ಮಾತ್ರೆ ಬರೆದುಕೊಟ್ಟಾಗ ಬಹಳ ಮನೆಗಳು ಬೆಚ್ಚುತ್ತವೆ. ಅಫೀಮಿನಿಂದ ಬರುವ ಈ ಔಷಧಿ ತೀವ್ರ ನೋವಿಗೆ ಅತ್ಯಂತ ನಂಬಿಕೆಯ ಮದ್ದು, ಬೆಲೆಯೂ ಕಡಿಮೆ. ಭಾರತ ಅಫೀಮು ಬೆಳೆಯುವ ದೇಶವಾದರೂ 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿ ನಿಯಮಗಳಿಂದಾಗಿ ಆಸ್ಪತ್ರೆಗಳಲ್ಲಿ ಮಾರ್ಫಿನ್ ಬಳಕೆ ಕುಸಿದುಹೋಯಿತು, ಒಂದು ತಲೆಮಾರಿನ ವೈದ್ಯರು ಅದನ್ನು ಬಳಸಲು ಕಲಿಯದೇ ಉಳಿದರು. 2014ರ ತಿದ್ದುಪಡಿ ಮಾರ್ಫಿನ್ ಸೇರಿದಂತೆ ಅಗತ್ಯ ಮಾದಕ ಔಷಧಿಗಳ ನಿಯಮಗಳನ್ನು ಸರಳಗೊಳಿಸಿತು. ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಲ್ಲಿ ಇದು ಸಿಗುತ್ತದೆ. ಎಲ್ಲ ಮೆಡಿಕಲ್ ಶಾಪುಗಳಲ್ಲಿ ಸಿಗುವುದಿಲ್ಲ. ಊರಿಗೆ ಹತ್ತಿರದಲ್ಲಿ ಎಲ್ಲಿ ದೊರೆಯುತ್ತದೆ, ಎಷ್ಟು ದಿನಕ್ಕಾಗುವಷ್ಟು ಕೊಡುತ್ತಾರೆ, ಮುಗಿಯುವ ಮೊದಲು ರೋಗಿಯೇ ಬರಬೇಕೇ ಎಂದು ಕೇಳಿಕೊಳ್ಳಬೇಕು.

ನೋವಿಗೆಂದು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡವರು ಚಟಕ್ಕೆ ಬೀಳುವುದು ಅಪರೂಪ. ಕೊನೆಗಾಲದಲ್ಲಿ ಮಾತ್ರ ಕೊಡುವ ಔಷಧಿಯೂ ಇದಲ್ಲ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುವುದರಿಂದ ನೋವು ಬರುವವರೆಗೆ ಕಾಯದೆ ಗಡಿಯಾರ ನೋಡಿಕೊಂಡು ಕೊಡಬೇಕು. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಹಾಗೇ ಉಳಿಯುವುದರಿಂದ ಅದಕ್ಕೆ ಕೊಟ್ಟ ಔಷಧಿಯನ್ನು ದಿನವೂ ತಪ್ಪದೇ ತೆಗೆದುಕೊಳ್ಳಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಅದನ್ನು ಮುಂಚೆಯೇ ಹೇಳಬೇಕು, ಏಕೆಂದರೆ ಔಷಧಿ ಅವರ ದೇಹದಲ್ಲಿ ಶೇಖರವಾಗುತ್ತದೆ. ತಾವಾಗಿಯೇ ಒಮ್ಮೆಲೆ ನಿಲ್ಲಿಸಬಾರದು. ಮಾತ್ರೆಗಳನ್ನು ಬೀಗ ಹಾಕಿಡಬೇಕು, ಉಳಿದದ್ದನ್ನು ಕೇಂದ್ರಕ್ಕೆ ಹಿಂತಿರುಗಿಸಬೇಕು.

ಕೇಳಬೇಕಾದ ಪ್ರಶ್ನೆಗಳು

ವೈದ್ಯರ ಎದುರು ಕೂತಾಗ ಪ್ರಶ್ನೆಗಳು ಮರೆಯುತ್ತವೆ. ಬರೆದುಕೊಂಡು ಹೋದವರಿಗೆ ಉತ್ತರ ಸಿಗುತ್ತದೆ. ಮುಖ್ಯವಾದವು ಹೀಗಿವೆ: ಈಗಿನ ಔಷಧಿಗಳಲ್ಲಿ ಯಾವುದನ್ನು ಬಿಡಬಹುದು? ನಡುರಾತ್ರಿ ನೋವು ಹೆಚ್ಚಾದರೆ ಏನು ಕೊಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು? ಊಟ ಸೇರದಿದ್ದರೆ ಒತ್ತಾಯಿಸಬೇಕೇ? ಮುಂದಿನ ವಾರಗಳಲ್ಲಿ ಏನೇನು ಆಗಬಹುದು? ಮನೆಯಲ್ಲೇ ನೋಡಿಕೊಳ್ಳಲು ಏನು ಕಲಿಯಬೇಕು? ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವುದು, ಮಗ್ಗುಲು ಬದಲಿಸುವುದು, ಗಾಯ ತೊಳೆಯುವುದು ಇವನ್ನು ದಾದಿ ಕೈಹಿಡಿದು ಕಲಿಸುತ್ತಾರೆ.

ಖರ್ಚಿನ ವಿಚಾರವನ್ನೂ ಅಲ್ಲೇ ಎತ್ತಬೇಕು. ಕೂಲಿ ನಿಂತಿದೆ, ಮಗ ಶಾಲೆ ಬಿಟ್ಟಿದ್ದಾನೆ, ಒಡವೆ ಅಡವಿಟ್ಟಾಗಿದೆ ಎಂಬುದು ಗೊತ್ತಾದರೆ ತಂಡದ ಸಮಾಜ ಕಾರ್ಯಕರ್ತರು ಪಿಂಚಣಿ, ಸರ್ಕಾರಿ ಯೋಜನೆ, ಧರ್ಮಸಂಸ್ಥೆಗಳ ನೆರವಿನ ದಾರಿ ತೋರಿಸಬಲ್ಲರು. ಉಪಯೋಗ ಕಡಿಮೆಯಿರುವ ದುಬಾರಿ ಚಿಕಿತ್ಸೆಗೆ ಮನೆ ಮಾರಬೇಕೇ ಎಂಬ ಪ್ರಶ್ನೆಗೂ ನೇರ ಉತ್ತರ ಕೇಳುವ ಜಾಗ ಇದೇ.

ರೋಗಿಗೆ ಮನಸ್ಸಿದ್ದರೆ, ಮುಂದೆ ತಮಗೆ ಯಾವ ಚಿಕಿತ್ಸೆ ಬೇಡ ಎಂಬುದನ್ನು ಬರೆದಿಡುವ ಬಗ್ಗೆಯೂ ಕೇಳಬಹುದು. ಇಂಥ ಮುಂಗಡ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯತೆ ಕೊಟ್ಟಿತು, 2023ರಲ್ಲಿ ಅದರ ವಿಧಾನವನ್ನು ಸುಲಭ ಮಾಡಿತು. 18 ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೇ ಆಗಲಿ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಕರ್ನಾಟಕ ಸರ್ಕಾರ ಈ ತೀರ್ಪನ್ನು ಜಾರಿಗೆ ತರುವ ಆದೇಶವನ್ನು 2025ರ ಜನವರಿ 30ರಂದು ಹೊರಡಿಸಿತು. ಕೃತಕ ಉಸಿರಾಟದಂಥ ಚಿಕಿತ್ಸೆಯನ್ನು ಬೇಡವೆನ್ನುವುದಕ್ಕೆ ಮಾತ್ರ ಇದು ಸಂಬಂಧಿಸಿದೆ. ಪ್ರಾಣ ತೆಗೆಯುವ ಇಂಜೆಕ್ಷನ್ ಕೊಡುವುದು ಭಾರತದಲ್ಲಿ ಅಪರಾಧ.

ಭೇಟಿಯ ದಿನ

ಬೇರೆ ಸೂಚನೆ ಇಲ್ಲದಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗುವ ಅಗತ್ಯವಿಲ್ಲ. ನೋವು ವೈದ್ಯರಿಗೆ ಕಾಣಲಿ ಎಂದು ಬೆಳಗಿನ ಮಾತ್ರೆ ತಪ್ಪಿಸುವವರಿದ್ದಾರೆ. ಅದು ರೋಗಿಗೆ ಸುಮ್ಮನೆ ಹಿಂಸೆ. ಎಂದಿನ ಮಾತ್ರೆ ಕೊಟ್ಟು, ದಾರಿಯಲ್ಲಿ ಬೇಕಾಗುವ ಇನ್ನೊಂದು ಹೊತ್ತಿನದನ್ನೂ ಇಟ್ಟುಕೊಂಡು ಹೊರಡಬೇಕು. ನೀರು, ಮೆತ್ತನೆಯ ಆಹಾರ, ದಿಂಬು, ಹೊದಿಕೆ, ಬದಲಿ ಬಟ್ಟೆ, ವಾಂತಿಗೊಂದು ಚೀಲ ಜೊತೆಗಿರಲಿ. ಗಾಲಿಕುರ್ಚಿ ಬೇಕಿದ್ದರೆ ಮೊದಲೇ ಹೇಳಬೇಕು.

ಮೊದಲ ಭೇಟಿ ಮಾಮೂಲಿ ಓಪಿಡಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ವೈದ್ಯರ ಜೊತೆಗೆ ದಾದಿ, ಆಪ್ತಸಮಾಲೋಚಕರು, ಕೆಲವೆಡೆ ಫಿಸಿಯೋಥೆರಪಿಯವರೂ ಮಾತಾಡುತ್ತಾರೆ. ಮಾತಿನ ನಡುವೆ ಅಳು ಬಂದರೆ ತಡೆಯಬೇಕಾಗಿಲ್ಲ. ರೋಗಿಯನ್ನು ಕೇಳಿದ ಪ್ರಶ್ನೆಗೆ ರೋಗಿಯೇ ಉತ್ತರಿಸಲಿ, ಮನೆಯವರು ಆಮೇಲೆ ಸೇರಿಸಲಿ. ಹೊರಡುವ ಮುನ್ನ ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡು, ತಿಳಿದದ್ದನ್ನು ಒಮ್ಮೆ ಅವರಿಗೇ ಹೇಳಿ ಒಪ್ಪಿಸಬೇಕು. ಔಷಧಿಯ ಪ್ರಮಾಣ ಸರಿಹೊಂದಲು ಮೊದಲ ವಾರದಲ್ಲಿ ಒಂದೆರಡು ಬದಲಾವಣೆ ಬೇಕಾಗಬಹುದು. ನೋಟ್‌ಬುಕ್ಕಿನ ಲೆಕ್ಕ ಅದಕ್ಕಾಗಿ ಮುಂದುವರಿಯಬೇಕು.

ಭೇಟಿಯ ದಿನಕ್ಕೆ ಕಾಯಬಾರದ ಲಕ್ಷಣಗಳೂ ಇವೆ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಹೆಚ್ಚು ರಕ್ತಸ್ರಾವ, ಫಿಟ್ಸ್, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಕೀಮೋ ಆದ ದಿನಗಳಲ್ಲಿ ಜ್ವರ ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಮೇಲೆ ಗಡ್ಡೆ ಒತ್ತುತ್ತಿದ್ದರೆ ಒಂದೆರಡು ದಿನದ ತಡವೂ ಕಾಯಂ ಆಗಿ ಕಾಲು ಬೀಳಲು ಸಾಕು.

ಕಾಯಿಲೆ ಗಂಭೀರವೆಂದು ತಿಳಿದ ದಿನಗಳಲ್ಲೇ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಉಪಶಮನ ಆರೈಕೆ ಎಲ್ಲಿ ಸಿಗುತ್ತದೆ ಎಂದು ಕೇಳಬೇಕು, ಅವರಾಗಿ ಹೇಳಲಿ ಎಂದು ಕಾಯಬಾರದು. ವಾಸಿಯಾಗದ ಕಾಯಿಲೆಗಳಿವೆ. ಆದರೆ ಆರೈಕೆಯಿಂದ ತಗ್ಗಿಸಬಹುದಾದ ನೋವನ್ನು ಯಾರೂ ಸುಮ್ಮನೆ ಸಹಿಸಿಕೊಂಡಿರಬೇಕಾಗಿಲ್ಲ.